ಬೆಂಕಿ ಆರಿದ ಮೇಲೆ

ಠಾಣೆಯಲ್ಲಿ ಗಂಟೆ ಹೊಡೆದ ಕ್ಷಣ ಅಗ್ನಿಶಾಮಕ ಸಿಬ್ಬಂದಿಯ ಮೈಯಲ್ಲಿ ಏನಾಗುತ್ತದೆ? ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಬರ್ನಾರ್ಡ್ ಮತ್ತು ಡಂಕನ್ ಎಂಬ ಸಂಶೋಧಕರು ಇದನ್ನು ಅಳೆದು ನೋಡಿದರು. ಡ್ಯೂಟಿಯಲ್ಲಿದ್ದವರ ಎದೆಗೆ ಇಸಿಜಿ ತಂತಿ ಅಂಟಿಸಿ ಅವರವರ ಕೆಲಸಕ್ಕೆ ಬಿಟ್ಟರು. 1975ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಗಂಟೆ ಹೊಡೆದ 15ರಿಂದ 30 ಸೆಕೆಂಡಿನೊಳಗೆ ಹೃದಯದ ಬಡಿತ ನಿಮಿಷಕ್ಕೆ ಸರಾಸರಿ 47ರಷ್ಟು ಏರಿತ್ತು. ಅಷ್ಟು ಹೊತ್ತಿಗೆ ಅವರಾರೂ ಬೆಂಕಿಯ ಮುಖ ಕಂಡಿರಲಿಲ್ಲ, ಹೊಗೆ ಕುಡಿದಿರಲಿಲ್ಲ. ಬರೀ ಸದ್ದಿಗೇ ಎದೆ ಹಾಗೆ ಹೊಡೆದುಕೊಂಡಿತ್ತು.

ಇದಾದ ಮೂರು ದಶಕಗಳ ಮೇಲೆ, 2007ರಲ್ಲಿ, ಹಾರ್ವರ್ಡಿನ ಸ್ಟೆಫಾನೋಸ್ ಕೇಲ್ಸ್ ಮತ್ತು ಸಂಗಡಿಗರು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಇನ್ನೊಂದು ಲೆಕ್ಕ ಮುಂದಿಟ್ಟರು. ಅಮೆರಿಕದಲ್ಲಿ ಕರ್ತವ್ಯದ ಮೇಲಿದ್ದಾಗ ಸಾಯುವ ಅಗ್ನಿಶಾಮಕರಲ್ಲಿ ಶೇ 45ರಷ್ಟು ಮಂದಿಯನ್ನು ಕೊಲ್ಲುವುದು ಹೃದಯದ ಕಾಯಿಲೆ. ಬೆಂಕಿಯೊಡನೆ ನೇರವಾಗಿ ಸೆಣಸುವ ಹೊತ್ತು ಅವರ ಒಟ್ಟು ದುಡಿಮೆಯಲ್ಲಿ ಶೇ 1ರಿಂದ 5 ಮಾತ್ರ. ಆದರೆ ಹೃದಯದ ಸಾವುಗಳಲ್ಲಿ ಶೇ 32 ಆಗುವುದು ಆ ಹೊತ್ತಿನಲ್ಲೇ. ಈ ಅಂಕಿಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ ಪಟ್ಟಿಯ ಇನ್ನೊಂದು ಸಾಲು. ಶೇ 17ರಷ್ಟು ಸಾವುಗಳು ಕೆಲಸ ಮುಗಿಸಿ ಠಾಣೆಗೆ ಮರಳುವಾಗ ಆಗಿದ್ದವು. ಹೋಗುವಾಗ ಸತ್ತವರಿಗಿಂತ ಬರುವಾಗ ಸತ್ತವರೇ ಹೆಚ್ಚು.

ಅಪಾಯ ಮುಗಿದಿದೆ, ಬೆಂಕಿ ಆರಿದೆ, ಹೋಸ್ ಸುತ್ತಿ ಇಟ್ಟಾಗಿದೆ. ದೇಹಕ್ಕೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಅಗ್ನಿಶಾಮಕರ ಬರ್ನ್‌ಔಟ್ ಕುರಿತು ಬರೆಯುವಾಗ ಬೆಂಕಿಯ ಭೀಕರತೆಯ ಬಗ್ಗೆಯೇ ನಾವು ಹೆಚ್ಚು ಬರೆಯುತ್ತೇವೆ. ನಿಜವಾಗಿ ನೋಡಬೇಕಾದದ್ದು ಬೆಂಕಿ ಆರಿದ ನಂತರದ ಗಂಟೆಗಳನ್ನು.

ರಾತ್ರಿ ಎರಡರ ಕರೆ

ರಾತ್ರಿ ಎರಡು ಗಂಟೆ ಎಂದಿಟ್ಟುಕೊಳ್ಳಿ. ವಾಚ್ ರೂಮಿನ ಫೋನ್ ರಿಂಗಾಗುತ್ತದೆ. ಯಾವುದೋ ಗೋದಾಮಿಗೆ ಬೆಂಕಿ. ವಿಳಾಸ, ಗುರುತಿನ ಜಾಗ, ಕರೆ ಮಾಡಿದವರ ನಂಬರು ಬರೆದುಕೊಂಡದ್ದೇ ಗಂಟೆ. ಮಲಗಿದ್ದವರು ಎದ್ದು ಕಾಲನ್ನು ಬೂಟಿಗೆ ತೂರಿಸಿ, ಕೋಟಿನ ಒಂದು ತೋಳು ಹಾಕಿಕೊಳ್ಳುತ್ತಲೇ ಓಡುತ್ತಾರೆ. ಇನ್ನೊಂದು ತೋಳು, ಗುಂಡಿ, ಹೆಲ್ಮೆಟ್ಟಿನ ಪಟ್ಟಿ ಎಲ್ಲ ವಾಹನದೊಳಗೆ. ಚಾಲಕ ಆಗಲೇ ಇಂಜಿನ್ ಚಾಲೂ ಮಾಡಿರುತ್ತಾನೆ. ಒಂದು ನಿಮಿಷದ ಹಿಂದೆ ಗಾಢ ನಿದ್ದೆಯಲ್ಲಿದ್ದ ಮನುಷ್ಯ ಈಗ ಸೈರನ್ ಹಾಕಿಕೊಂಡು ಸಾವಿರಾರು ಲೀಟರ್ ನೀರು ಹೊತ್ತ ವಾಹನವನ್ನು ಖಾಲಿ ರಸ್ತೆಯಲ್ಲಿ ಓಡಿಸುತ್ತಿದ್ದಾನೆ.

ಇದು ಸಾಧ್ಯವಾಗುವುದು ಮೂತ್ರಪಿಂಡಗಳ ನೆತ್ತಿಯ ಮೇಲೆ ಕೂತಿರುವ ಎರಡು ಪುಟ್ಟ ಅಡ್ರಿನಲ್ ಗ್ರಂಥಿಗಳಿಂದ. ಗಂಟೆಯ ಸದ್ದು ಮಿದುಳಿಗೆ ಮುಟ್ಟಿದ ಕೂಡಲೇ ನರಗಳ ಮೂಲಕ ಈ ಗ್ರಂಥಿಗಳ ಒಳತಿರುಳಿಗೆ ಆಜ್ಞೆ ಹೋಗುತ್ತದೆ. ಅಡ್ರಿನಲಿನ್ ರಕ್ತಕ್ಕೆ ಇಳಿಯುತ್ತದೆ. ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ಹೊರಬಿಡುತ್ತದೆ, ಜೀರ್ಣದ ಕೆಲಸ ನಿಲ್ಲುತ್ತದೆ, ರಕ್ತ ಹೊಟ್ಟೆಯಿಂದ ಕೈಕಾಲಿನ ಸ್ನಾಯುಗಳತ್ತ ಹರಿಯುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ. ಜಪಾನ್ ಮೂಲದ ಜೋಕಿಚಿ ತಕಮಿನೆ 1901ರ ಸುಮಾರಿಗೆ ಶುದ್ಧರೂಪದಲ್ಲಿ ಬೇರ್ಪಡಿಸಿದ ಈ ರಾಸಾಯನಿಕದ ಆಯುಸ್ಸು ಬಹಳ ಕಡಿಮೆ. ರಕ್ತದಲ್ಲಿ ಅದರ ಪ್ರಮಾಣ ಎರಡು ಮೂರು ನಿಮಿಷಕ್ಕೆ ಅರ್ಧವಾಗುತ್ತದೆ.

ಎರಡನೆಯ ಅಲೆ ನಿಧಾನದ್ದು. ಮಿದುಳಿನ ಹೈಪೊಥಲಾಮಸ್ ಪಿಟ್ಯುಟರಿಗೆ ಹೇಳುತ್ತದೆ, ಪಿಟ್ಯುಟರಿ ರಕ್ತದ ಮೂಲಕ ಅಡ್ರಿನಲ್ ಗ್ರಂಥಿಯ ಹೊರಪದರಕ್ಕೆ ಹೇಳುತ್ತದೆ, ಅಲ್ಲಿಂದ ಕಾರ್ಟಿಸೋಲ್ ಹೊರಡುತ್ತದೆ. ಇದು ಶಿಖರ ಮುಟ್ಟುವುದು ಗಾಬರಿ ಶುರುವಾದ 20–30 ನಿಮಿಷಕ್ಕೆ. ಅಂದರೆ, ಸಿಬ್ಬಂದಿ ಸ್ಥಳ ತಲುಪಿ, ಹೋಸ್ ಜೋಡಿಸಿ, ಬ್ರಾಂಚ್ (ಹೋಸಿನ ತುದಿಯ ನಳಿಕೆ) ಹಿಡಿದು ಒಳಹೊಕ್ಕ ಹೊತ್ತಿಗೆ ಸರಿಯಾಗಿ. ವಾಟ್ಸ್‌ಆ್ಯಪ್ಪಿನಲ್ಲಿ ಹರಿದಾಡುವ ಆರೋಗ್ಯ ಸಲಹೆಗಳು ಕಾರ್ಟಿಸೋಲನ್ನು ವಿಷವೆಂಬಂತೆ ಚಿತ್ರಿಸುತ್ತವೆ. ಅದು ತಪ್ಪು. ರಕ್ತದೊತ್ತಡ ಕುಸಿಯದಂತೆ ಹಿಡಿದಿಡುವುದು, ಸ್ನಾಯುಗಳಿಗೆ ಸಕ್ಕರೆ ಒದಗಿಸುತ್ತಲೇ ಇರುವುದು, ಉರಿಯೂತ ಕೈಮೀರದಂತೆ ತಡೆಯುವುದು ಎಲ್ಲ ಅದರ ಕೆಲಸ. ಕಾರ್ಟಿಸೋಲ್ ಉತ್ಪತ್ತಿಯೇ ಆಗದ ಅಡಿಸನ್ ಕಾಯಿಲೆಯವರು ಚಿಕಿತ್ಸೆಯಿಲ್ಲದೆ ಇಂಥ ಒಂದು ರಾತ್ರಿಯನ್ನು ದಾಟಲಾರರು.

ಒಳಗೆ ಕಾವು ಬೇರೆ. ದಪ್ಪ ಉಡುಪು, ಉಸಿರಾಟಕ್ಕೆಂದು ಬೆನ್ನಿಗೆ ಗಾಳಿಯ ಸಿಲಿಂಡರ್ ಇರುವ ಬಿ.ಎ. ಸೆಟ್, ಹೆಲ್ಮೆಟ್, ಬೂಟು ಎಲ್ಲ ಸೇರಿದರೆ 20 ಕಿಲೋ ಮೀರುತ್ತದೆ. ಬೆವರು ಆರಲು ದಾರಿಯಿಲ್ಲ. ಮೈಯ ನೀರು ಇಳಿದಂತೆ ವಾಸೊಪ್ರೆಸಿನ್, ಆಲ್ಡೊಸ್ಟೆರೋನ್ ಎಂಬ ಹಾರ್ಮೋನುಗಳು ಏರಿ ಮೂತ್ರಪಿಂಡದಲ್ಲಿ ನೀರನ್ನೂ ಉಪ್ಪನ್ನೂ ತಡೆದು ನಿಲ್ಲಿಸುತ್ತವೆ. ರಕ್ತ ಗಟ್ಟಿಯಾಗುತ್ತದೆ, ಅದರ ಕಿರುಬಿಲ್ಲೆಗಳು (ಪ್ಲೇಟ್‌ಲೆಟ್) ಬೇಗ ಹೆಪ್ಪುಗಟ್ಟುವ ಸ್ವಭಾವಕ್ಕೆ ತಿರುಗುತ್ತವೆ. ಮೊದಲೇ ರಕ್ತನಾಳದಲ್ಲಿ ಕೊಬ್ಬು ಕಟ್ಟಿಕೊಂಡಿದ್ದವನಿಗೆ ಇದು ಅಪಾಯದ ಹೊತ್ತು. ಆ ಹೊತ್ತು ಬೆಂಕಿ ಆರಿದೊಡನೆ ಮುಗಿಯುವುದಿಲ್ಲ. ಕೇಲ್ಸ್ ಅವರ ಪಟ್ಟಿಯ ಆ ಶೇ 17ನ್ನು ನಾನು ಅರ್ಥಮಾಡಿಕೊಳ್ಳುವುದು ಹೀಗೆ.

ನಾಲ್ಕೂವರೆಗೆ ವಾಹನ ಠಾಣೆಗೆ ಮರಳುತ್ತದೆ. ಹೋಸ್ ತೊಳೆದು, ಟ್ಯಾಂಕಿಗೆ ನೀರು ತುಂಬಿಸಿ, ದಿನಚರಿಯಲ್ಲಿ ಬರೆದು, ಒಂದು ಲೋಟ ಟೀ ಕುಡಿದು ಮಲಗುವಾಗ ಐದು ದಾಟಿರುತ್ತದೆ. ನಿದ್ದೆ ಹತ್ತುವುದಿಲ್ಲ. ಇದಕ್ಕೆ ಕಾರಣ ಸರಳ. ಕಾರ್ಟಿಸೋಲಿಗೆ ತನ್ನದೇ ದಿನಚರಿಯೊಂದಿದೆ. ನಡುರಾತ್ರಿಯ ಆಸುಪಾಸು ಅದು ತೀರಾ ತಳದಲ್ಲಿರುತ್ತದೆ, ರಾತ್ರಿಯ ಕೊನೆಯ ಜಾವದಲ್ಲಿ ಏರತೊಡಗುತ್ತದೆ, ಎದ್ದ 30–45 ನಿಮಿಷಕ್ಕೆ ತುದಿ ಮುಟ್ಟುತ್ತದೆ. ಬೆಂಕಿಯ ಕರೆ ಎಬ್ಬಿಸಿದ ಕಾರ್ಟಿಸೋಲ್ ಇಳಿಯಬೇಕು ಎನ್ನುವಷ್ಟರಲ್ಲಿ ಬೆಳಗಿನ ಸಹಜ ಏರಿಕೆ ಬಂದು ಅದರೊಡನೆ ಸೇರಿಕೊಳ್ಳುತ್ತದೆ. ಟ್ಯೂಬ್‌ಲೈಟಿನ ಬೆಳಕಿಗೆ ಮೆಲಟೋನಿನ್ ಕುಗ್ಗಿಹೋಗಿರುತ್ತದೆ. ಸ್ನಾಯುಗಳ ಸವೆತ ತುಂಬುವ ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ರಾತ್ರಿಯ ಮೊದಲರ್ಧದ ಗಾಢ ನಿದ್ದೆಯಲ್ಲಿ. ಹಿಂದಿನ ಸಂಜೆಯಿಂದ ಒಂದರ ಮೇಲೊಂದು ಕರೆ ಬಂದಿದ್ದರೆ ಅದೂ ಇಲ್ಲ.

ಕಣ್ಣು ಮುಚ್ಚಿದರೆ ಕಂಡದ್ದೇ ಮತ್ತೆ ಕಾಣುತ್ತದೆ. ಇದೂ ಹಾರ್ಮೋನಿನ ಕೆಲಸವೇ. ಗಾಬರಿಯ ಗಳಿಗೆಯಲ್ಲಿ ಏರುವ ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್ ಮಿದುಳಿನ ಅಮಿಗ್ಡಲಾ ಭಾಗದ ಮೂಲಕ ನೆನಪನ್ನು ಆಳವಾಗಿ ಕೊರೆಯುತ್ತವೆ ಎಂಬುದನ್ನು ಜೇಮ್ಸ್ ಮೆಕ್‌ಗಾ ಅವರ ದಶಕಗಳ ಸಂಶೋಧನೆ ತೋರಿಸಿದೆ. ಬೆಂಗಳೂರು 1981ರ ಫೆಬ್ರುವರಿ 7ರಂದು ವೀನಸ್ ಸರ್ಕಸ್ಸಿನ ಡೇರೆ ಹೊತ್ತಿ ಉರಿದದ್ದನ್ನು ಕಂಡಿದೆ. ಸತ್ತ 92 ಮಂದಿಯಲ್ಲಿ ಹೆಚ್ಚಿನವರು ಮಕ್ಕಳು. 2010ರ ಫೆಬ್ರುವರಿ 23ರಂದು ಬೆಂಕಿ ಹತ್ತಿದ ಕಾರ್ಲ್‌ಟನ್ ಟವರ್ಸ್ ಕಟ್ಟಡದ ಕಿಟಕಿಗಳಿಂದ ಜನ ಜಿಗಿದದ್ದನ್ನು ಕಂಡಿದೆ. ನಾವು ಅವನ್ನು ಟಿ.ವಿ.ಯಲ್ಲೋ ಪತ್ರಿಕೆಯಲ್ಲೋ ನೋಡಿ ಮರೆತೆವು. ಎರಡು ಕೈಯಿಂದ ಎತ್ತಿ ಹೊರತಂದವರ ನೆನಪಿಗೆ ಆ ಅನುಕೂಲವಿಲ್ಲ.

ಒಂದು ರಾತ್ರಿ ಹೀಗಾದರೆ ಏನೂ ಆಗುವುದಿಲ್ಲ. ಎರಡು ದಿನ ಚೆನ್ನಾಗಿ ನಿದ್ದೆ ಮಾಡಿದರೆ ದೇಹ ತನ್ನ ಲಯಕ್ಕೆ ಮರಳುತ್ತದೆ. ತೊಂದರೆ ಇರುವುದು ಆ ಎರಡು ದಿನ ಸಿಗದೇ ಇರುವುದರಲ್ಲಿ. ಶಿಕಾಗೋ ವಿಶ್ವವಿದ್ಯಾಲಯದ ಈವ್ ವಾನ್ ಕೌಟರ್ ಮತ್ತು ಸಂಗಡಿಗರು 1999ರಲ್ಲಿ ಆರೋಗ್ಯವಂತ ಯುವಕರನ್ನು ಆರು ರಾತ್ರಿ ನಾಲ್ಕೇ ಗಂಟೆ ಮಲಗಿಸಿ ನೋಡಿದರು. ಸಂಜೆಯ ಹೊತ್ತು ಇಳಿದಿರಬೇಕಾದ ಕಾರ್ಟಿಸೋಲ್ ಇಳಿದಿರಲಿಲ್ಲ, ಸಕ್ಕರೆಯನ್ನು ನಿಭಾಯಿಸುವ ಶಕ್ತಿ ಕುಗ್ಗಿತ್ತು. 2011ರ ಇನ್ನೊಂದು ಪ್ರಯೋಗದಲ್ಲಿ ಒಂದು ವಾರ ಐದು ಗಂಟೆ ನಿದ್ದೆಗೆ ಇಳಿಸಿದಾಗ ಯುವಕರ ಹಗಲಿನ ಟೆಸ್ಟೋಸ್ಟೆರೋನ್ ಶೇ 10ರಿಂದ 15ರಷ್ಟು ಬಿದ್ದಿತ್ತು. ಇವರ್ಯಾರೂ ಬೆಂಕಿ ಆರಿಸುವವರಲ್ಲ. ಲ್ಯಾಬಿನ ಹಾಸಿಗೆಯಲ್ಲಿ ನೆಮ್ಮದಿಯಾಗಿ ಮಲಗಿದ್ದವರು.

ಹೀಗೆ ಪದೇ ಪದೇ ಏರಿ, ಪೂರಾ ಇಳಿಯದೆ, ಮತ್ತೆ ಏರುವ ಭಾರಕ್ಕೆ ನರವಿಜ್ಞಾನಿ ಬ್ರೂಸ್ ಮೆಕ್‌ಯುವನ್ 1993ರಲ್ಲಿ ‘ಅಲೋಸ್ಟಾಟಿಕ್ ಲೋಡ್’ ಎಂಬ ಹೆಸರು ಕೊಟ್ಟರು. ಹೊಂದಿಕೊಳ್ಳುವುದಕ್ಕೇ ದೇಹ ತೆರುವ ಬೆಲೆ ಅದು. ಸೊಂಟದ ಸುತ್ತ ಕೊಬ್ಬು ಸೇರುತ್ತದೆ, ರಕ್ತದೊತ್ತಡ ಏರಿದಲ್ಲೇ ನಿಲ್ಲುತ್ತದೆ. ರೈಲು ಹಳಿಯ ಪಕ್ಕದ ಮನೆಯವರಿಗೆ ಕ್ರಮೇಣ ರೈಲಿನ ಸದ್ದೇ ಕೇಳದಂತಾಗುವ ಹಾಗೆ, ಸದಾ ಕಾರ್ಟಿಸೋಲಿನಲ್ಲಿ ನೆನೆದ ಜೀವಕೋಶಗಳು ಅದರ ಮಾತಿಗೆ ಕಿವಿಗೊಡುವುದನ್ನು ಕಡಿಮೆ ಮಾಡುತ್ತವೆ. ಆಗ ‘ಸಾಕು, ನಿಲ್ಲಿಸು’ ಎಂದು ಮಿದುಳಿಗೆ ತಿರುಗಿ ಹೇಳುವ ವ್ಯವಸ್ಥೆಯೂ ಸಡಿಲವಾಗುತ್ತದೆ.

ಗಟ್ಟಿ ಮನುಷ್ಯ ಎನ್ನುವ ಹೊಗಳಿಕೆ

ಬರ್ನ್‌ಔಟ್ ಎಂದರೆ ಬರೀ ದಣಿವಲ್ಲ. ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯವೊಂದರಲ್ಲಿ ದುಡಿಯುತ್ತಿದ್ದ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರಲ್ಲಿ ಈ ಸ್ಥಿತಿಯನ್ನು ಮೊದಲು ವಿವರವಾಗಿ ಬರೆದರು. 1981ರಲ್ಲಿ ಕ್ರಿಸ್ಟಿನಾ ಮ್ಯಾಸ್ಲಾಕ್ ಅದನ್ನು ಅಳೆಯುವ ಪ್ರಶ್ನಾವಳಿ ರೂಪಿಸಿದರು. ಭಾವನೆಗಳು ಬತ್ತಿಹೋಗುವುದು, ಎದುರಿಗಿರುವ ಮನುಷ್ಯ ಮನುಷ್ಯನಾಗಿ ಕಾಣದಿರುವುದು, ತಾನು ಮಾಡುತ್ತಿರುವುದಕ್ಕೆ ಬೆಲೆಯಿಲ್ಲ ಅನ್ನಿಸುವುದು ಈ ಮೂರೂ ಸೇರಿದರೆ ಅದು ಬರ್ನ್‌ಔಟ್. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ತನ್ನ ಕಾಯಿಲೆಗಳ ವರ್ಗೀಕರಣದಲ್ಲಿ ವಿವರಿಸುವಾಗ ಒಂದು ಮಾತು ಸ್ಪಷ್ಟಪಡಿಸಿತು. ಇದು ರೋಗವಲ್ಲ, ಕೆಲಸದ ಜಾಗದಲ್ಲಿ ಹುಟ್ಟುವ ಸ್ಥಿತಿ. ಈ ಮಾತಿನ ತೂಕ ದೊಡ್ಡದು. ದೋಷ ಹುಡುಕಬೇಕಾದದ್ದು ಮನುಷ್ಯನ ಮನೋಬಲದಲ್ಲಿ ಅಲ್ಲ, ಅವನ ಕೆಲಸದ ಏರ್ಪಾಟಿನಲ್ಲಿ.

ಮೂರು ಲಕ್ಷಣಗಳಲ್ಲಿ ಎರಡನೆಯದೇ ಅಗ್ನಿಶಾಮಕ ವೃತ್ತಿಯಲ್ಲಿ ಹೆಚ್ಚು ಅಪಾಯಕಾರಿ ಎಂದು ನನಗೆ ಅನ್ನಿಸುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ಕೂತವರು ಗ್ರಾಹಕರನ್ನು ಲೆಕ್ಕಿಸದಿದ್ದರೆ ದೂರು ಹೋಗುತ್ತದೆ. ಸುಟ್ಟ ದೇಹವನ್ನು ಹೊರತಂದು ಮುಖದಲ್ಲಿ ಒಂದು ಗೆರೆಯೂ ಕದಲದಂತೆ ನಿಂತವನನ್ನು ನಾವು ಗಟ್ಟಿ ಮನುಷ್ಯ ಎಂದು ಹೊಗಳುತ್ತೇವೆ. ಹೊಸದಾಗಿ ಸೇರಿದ ಹುಡುಗರಿಗೆ ಅವನನ್ನೇ ಮಾದರಿಯಾಗಿ ತೋರಿಸುತ್ತೇವೆ. ಆ ಹೊತ್ತಿನ ಕೆಲಸಕ್ಕೆ ಆ ಗಟ್ಟಿತನ ಬೇಕು, ನಿಜ. ಅದು ಮನೆಗೂ ಬಂದರೆ? ಬೆಳಿಗ್ಗೆ ಬಾಗಿಲು ತೆರೆದ ಹೆಂಡತಿ ‘ಏನಾಯ್ತು ರೀ?’ ಎಂದರೆ ‘ಏನಿಲ್ಲ, ಸುಸ್ತು’ ಎನ್ನುವುದು ಮೊದಲ ವರ್ಷ. ಆಮೇಲಾಮೇಲೆ ಅವಳು ಕೇಳುವುದನ್ನೇ ಬಿಡುತ್ತಾಳೆ. ಮಗು ಚೆಂಡು ಹಿಡಿದು ಬಂದರೆ ಗದರಿಕೆ. ಈ ಸಿಡುಕಿಗೆ ಮನೆಯವರು ‘ಇವರ ಸ್ವಭಾವವೇ ಹೀಗೆ’ ಎಂಬ ಹೆಸರು ಕೊಟ್ಟು ಸುಮ್ಮನಾಗುತ್ತಾರೆ.

ಬೆಲೆ ಮನೆಯಲ್ಲಷ್ಟೇ ತೆರುವುದಲ್ಲ. ಅಮೆರಿಕದ ವೃತ್ತಿಪರ ಅಗ್ನಿಶಾಮಕರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕೆಲಸದ ಒತ್ತಡ ಮತ್ತು ಕೆಲಸ–ಸಂಸಾರದ ತಿಕ್ಕಾಟ ಬರ್ನ್‌ಔಟ್‌ಗೆ ದಾರಿಯಾಗುವುದನ್ನೂ, ಬರ್ನ್‌ಔಟ್ ಆದವರು ರಕ್ಷಣಾ ಸಲಕರಣೆ ಬಳಸುವುದರಲ್ಲಿ, ಸುರಕ್ಷತೆಯ ಕ್ರಮ ಪಾಲಿಸುವುದರಲ್ಲಿ ಸಡಿಲವಾಗುವುದನ್ನೂ ತೋರಿಸಿತು. ‘ಸಣ್ಣ ಬೆಂಕಿ, ಬಿ.ಎ. ಸೆಟ್ ಯಾಕೆ’ ಎನ್ನುವ ಮಾತಿನ ಹಿಂದೆ ಕೆಲವೊಮ್ಮೆ ಧೈರ್ಯವಿರುತ್ತದೆ, ಕೆಲವೊಮ್ಮೆ ಬೇಸರವಿರುತ್ತದೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ತರಹ ಕಾಣುತ್ತವೆ.

ಎಂಜಲಿನ ಪರೀಕ್ಷೆ ಹೇಳುವುದೆಷ್ಟು?

ಹಾಗಾದರೆ ಹಾರ್ಮೋನು ಪರೀಕ್ಷಿಸಿ ಬರ್ನ್‌ಔಟ್ ಕಂಡುಹಿಡಿಯಬಹುದೇ? ಪರೀಕ್ಷೆಯೇನೋ ಸುಲಭ. ಎದ್ದ ಕೂಡಲೇ, ಹಲ್ಲುಜ್ಜುವ ಮೊದಲು, ಕಾಫಿ ಕುಡಿಯುವ ಮೊದಲು, ಪುಟ್ಟ ಹತ್ತಿಯ ಸುರುಳಿಯನ್ನು ಬಾಯಲ್ಲಿಟ್ಟುಕೊಂಡು ಎಂಜಲಿನಿಂದ ನೆನೆಸಿ ನಳಿಗೆಗೆ ಹಾಕಬೇಕು. ಅರ್ಧ ಗಂಟೆಯ ಮೇಲೆ ಇನ್ನೊಂದು. ಮಧ್ಯಾಹ್ನ, ಸಂಜೆ, ಮಲಗುವ ಮುನ್ನ ಮತ್ತೆ. ಪ್ರತಿ ನಳಿಗೆಯ ಮೇಲೆ ಗಂಟೆ ನಿಮಿಷ ಬರೆದು ಫ್ರಿಜ್ಜಿನಲ್ಲಿಡಬೇಕು. ಹತ್ತು ನಿಮಿಷ ತಡವಾದರೂ ಬೆಳಗಿನ ಏರಿಕೆಯ ರೇಖೆ ಬದಲಾಗುತ್ತದೆ. ರಾತ್ರಿ ಮೂರು ಬಾರಿ ಎದ್ದು ಓಡಿದವನಿಗೆ ‘ಎದ್ದ ಹೊತ್ತು’ ಯಾವುದು? ಅಗ್ನಿಶಾಮಕರನ್ನು ಅಧ್ಯಯನ ಮಾಡುವುದು ಕಷ್ಟವಾಗುವುದು ಇಂಥ ಕಡೆ. ಇದಕ್ಕೆ ಪರ್ಯಾಯವಾಗಿ ಕೂದಲನ್ನು ನೋಡುವ ವಿಧಾನ ಬಂದಿದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಬುಡದ ಮೂರು ಸೆಂಟಿಮೀಟರಿನಲ್ಲಿ ಮೂರು ತಿಂಗಳ ಕಾರ್ಟಿಸೋಲಿನ ಗುರುತು ಸಿಗುತ್ತದೆ.

ಫಲಿತಾಂಶಗಳು ಮಾತ್ರ ಒಂದೇ ಮಾತು ಹೇಳುವುದಿಲ್ಲ. 1999ರಲ್ಲಿ ಶಿಕ್ಷಕರ ಮೇಲೆ ನಡೆದ ಹೆಸರಾಂತ ಅಧ್ಯಯನವೊಂದರಲ್ಲಿ ಹೆಚ್ಚು ಬಸವಳಿದವರ ಬೆಳಗಿನ ಕಾರ್ಟಿಸೋಲ್ ಕಡಿಮೆ ಇತ್ತು. 2003ರಲ್ಲಿ ನೆದರ್‌ಲ್ಯಾಂಡ್ಸಿನ ತಂಡ ಬರ್ನ್‌ಔಟ್ ರೋಗಿಗಳನ್ನು ನೋಡಿದಾಗ ಎದ್ದ ನಂತರದ ಕಾರ್ಟಿಸೋಲ್ ಹೆಚ್ಚಿತ್ತು, ಸುಮ್ಮನೆ ಕೂತಾಗಿನ ಹೃದಯ ಬಡಿತವೂ ಹೆಚ್ಚಿತ್ತು. ಮೊದಲ ಹಂತದಲ್ಲಿ ಏರಿ, ವರ್ಷಗಳು ಕಳೆದ ಮೇಲೆ ವ್ಯವಸ್ಥೆ ಮಂಕಾಗಿ ಇಳಿಯುತ್ತದೆ ಎಂಬುದು ಒಂದು ವಿವರಣೆ. ಒಪ್ಪತಕ್ಕದ್ದೇ, ಆದರೆ ಪೂರ್ತಿ ಸಾಬೀತಾದದ್ದಲ್ಲ. ಆಘಾತದ ನಂತರದ ಮನೋವ್ಯಾಧಿ ಇರುವವರಲ್ಲಿ ಹಲವರಿಗೆ ಕಾರ್ಟಿಸೋಲ್ ಕಡಿಮೆಯೇ ಇರುತ್ತದೆ ಎಂಬುದನ್ನು ರೇಚಲ್ ಯಹೂದಾ ಬಹಳ ಹಿಂದೆಯೇ ಗುರುತಿಸಿದ್ದರು. ಹಾಗಾಗಿ ಒಂದು ಬೆಳಗಿನ ಒಂದು ಅಂಕಿಯಿಂದ ಯಾರನ್ನೂ ಬರ್ನ್‌ಔಟ್ ಎಂದು ಕರೆಯಲಾಗದು, ಅಲ್ಲವೆಂದೂ ಹೇಳಲಾಗದು.

ಜರ್ಮನಿಯಲ್ಲಿ ಮಾರ್ಕುಸ್ ಹೈನ್‌ರಿಕ್ಸ್ ತಂಡ ಆಗಷ್ಟೇ ತರಬೇತಿ ಮುಗಿಸಿದ ಅಗ್ನಿಶಾಮಕರನ್ನು ಎರಡು ವರ್ಷ ಹಿಂಬಾಲಿಸಿತು. ಎಂಜಲಿನ ಕಾರ್ಟಿಸೋಲನ್ನೂ ಮೂತ್ರದಲ್ಲಿನ ಅಡ್ರಿನಲಿನ್ ಬಗೆಯ ಹಾರ್ಮೋನುಗಳನ್ನೂ ಅಳೆಯಿತು. 2005ರಲ್ಲಿ ಬಂದ ವರದಿಯಲ್ಲಿ, ಮುಂದೆ ಆಘಾತದ ಲಕ್ಷಣಗಳು ಯಾರಿಗೆ ಬರುತ್ತವೆ ಎಂಬುದರ ಸುಳಿವನ್ನು ಸ್ಪಷ್ಟವಾಗಿ ಕೊಟ್ಟದ್ದು ಎರಡು ಸಂಗತಿಗಳು: ‘ಇದು ನನ್ನಿಂದ ಆಗುತ್ತದೆ’ ಎಂಬ ನಂಬಿಕೆ ಕಡಿಮೆ ಇರುವುದು ಮತ್ತು ಒಳಗೆ ಹಗೆತನ ಕುದಿಯುತ್ತಿರುವುದು. ಮೊದಲನೆಯದು ತರಬೇತಿಯಿಂದ ಬೆಳೆಸಬಹುದಾದ ಗುಣ. ಹಾರ್ಮೋನಿನ ಬಗ್ಗೆ ಬರೆಯುತ್ತಿರುವಾಗಲೂ ಇದನ್ನು ಹೇಳದೆ ಇರಲಾರೆ.

ಇಲ್ಲೊಂದು ಎಚ್ಚರಿಕೆಯೂ ಬೇಕು. ‘ಅಡ್ರಿನಲ್ ಫಟೀಗ್’ ಎಂಬ ಹೆಸರಿನಲ್ಲಿ, ಒತ್ತಡದಿಂದ ಅಡ್ರಿನಲ್ ಗ್ರಂಥಿಯೇ ಸೋತುಹೋಗಿದೆ ಎಂದು ನಂಬಿಸಿ ಮಾತ್ರೆ, ಪುಡಿ ಮಾರುವ ವ್ಯಾಪಾರ ಅಂತರ್ಜಾಲದಲ್ಲಿ ಜೋರಾಗಿದೆ. ಹಾರ್ಮೋನು ತಜ್ಞರು ಅಂಥದ್ದೊಂದು ಕಾಯಿಲೆಯನ್ನು ಒಪ್ಪುವುದಿಲ್ಲ. ಲಭ್ಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2016ರಲ್ಲಿ ಪರಿಶೀಲಿಸಿದ ಬ್ರೆಜಿಲ್ಲಿನ ಸಂಶೋಧಕರು ಅದಕ್ಕೆ ಆಧಾರವಿಲ್ಲ ಎಂದೇ ಬರೆದರು. ಸುಸ್ತಿಗೆಂದು ಗೊತ್ತಿಲ್ಲದ ಮಾತ್ರೆ ನುಂಗುವುದರಲ್ಲಿ, ಅದರಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ, ನಿಜವಾಗಿಯೂ ಅಡ್ರಿನಲ್ ಗ್ರಂಥಿ ಕೆಲಸ ನಿಲ್ಲಿಸುವ ಅಪಾಯವಿದೆ.

ಬರ್ನ್‌ಔಟ್ ಎಂದು ತಿಳಿದದ್ದು ಬೇರೇನೋ ಆಗಿರಲೂಬಹುದು. ಸದಾ ಆಯಾಸ, ತೂಕ ಏರಿಕೆ, ಮರೆವು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಥೈರಾಯ್ಡ್ ಕಡಿಮೆಯಾದಾಗಲೂ ಹೀಗೇ. ಅಗ್ನಿಶಾಮಕರಲ್ಲಿ ಇದಕ್ಕೆ ವಿಶೇಷ ಕಾರಣವೊಂದಿದೆ. ಇಂದಿನ ಮನೆಗಳಲ್ಲಿ ಉರಿಯುವುದು ಮರ, ಹುಲ್ಲು ಅಲ್ಲ. ಸೋಫಾದ ಫೋಮ್, ಪ್ಲಾಸ್ಟಿಕ್, ವೈರು, ಎಲೆಕ್ಟ್ರಾನಿಕ್ ವಸ್ತುಗಳು. ಬೇಗ ಬೆಂಕಿ ಹತ್ತದಿರಲೆಂದು ಅವಕ್ಕೆ ಬೆರೆಸಿದ ರಾಸಾಯನಿಕಗಳು ಹೊಗೆ, ಮಸಿಯ ಜೊತೆ ಚರ್ಮಕ್ಕೆ ಇಳಿಯುತ್ತವೆ. ಎಣ್ಣೆಯ ಬೆಂಕಿ ಆರಿಸುವ ಕೆಲವು ನೊರೆಗಳಲ್ಲಿ, ಕೆಲವು ಬಗೆಯ ರಕ್ಷಣಾ ಉಡುಪಿನ ಬಟ್ಟೆಯಲ್ಲಿ ಪಿಎಫ್‌ಎಎಸ್ ಎಂಬ, ಸುಲಭವಾಗಿ ನಶಿಸದ ರಾಸಾಯನಿಕಗಳಿವೆ. ಸ್ಯಾನ್ ಫ್ರಾನ್ಸಿಸ್ಕೋದ ಮಹಿಳಾ ಅಗ್ನಿಶಾಮಕರನ್ನು ಅದೇ ನಗರದ ಕಚೇರಿ ನೌಕರೆಯರೊಡನೆ ಹೋಲಿಸಿದ ಅಧ್ಯಯನದಲ್ಲಿ, ಅಗ್ನಿಶಾಮಕರ ಮೂತ್ರದಲ್ಲಿ ಇಂಥ ಒಂದು ಬೆಂಕಿನಿರೋಧಕದ ಅಂಶ ಬಹಳ ಹೆಚ್ಚಿತ್ತು. ಅದು ಏರಿದಂತೆ ಥೈರಾಕ್ಸಿನ್ ಇಳಿದಿರುವುದೂ ಕಂಡಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಗ್ನಿಶಾಮಕ ವೃತ್ತಿಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದ್ದನ್ನೂ ಇದರ ಜೊತೆಗಿಟ್ಟು ನೋಡಬೇಕು.

‘ಇವನಿಗೆ ಕೆಲಸದಲ್ಲಿ ಉಮೇದಿಲ್ಲ’ ಎಂದು ಹಣೆಪಟ್ಟಿ ಹಚ್ಚುವ ಮೊದಲು ಥೈರಾಯ್ಡಿನ ಟಿಎಸ್‌ಎಚ್, ಸಕ್ಕರೆ, ಹಿಮೋಗ್ಲೋಬಿನ್, ಬಿ–12 ನೋಡಿಸಬೇಕು. ಗೊರಕೆಯ ಬಗ್ಗೆ ಕೇಳಬೇಕು. ಅಮೆರಿಕದ 66 ಅಗ್ನಿಶಾಮಕ ಇಲಾಖೆಗಳ ಸುಮಾರು 7,000 ಸಿಬ್ಬಂದಿಯನ್ನು ಪರಿಶೀಲಿಸಿದ 2015ರ ಅಧ್ಯಯನದಲ್ಲಿ ಶೇ 37ರಷ್ಟು ಮಂದಿಗೆ ಒಂದಲ್ಲ ಒಂದು ನಿದ್ರಾದೋಷದ ಲಕ್ಷಣವಿತ್ತು. ಅವರಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಇರಲಿಲ್ಲ.

ಇಳಿಯಲು ಬೇಕಾದ ಹೊತ್ತು

ಅಮೆರಿಕದಲ್ಲಿ 24 ಗಂಟೆ ದುಡಿದು 48 ಗಂಟೆ ಬಿಡುವು ಪಡೆಯುವ ಪದ್ಧತಿ ಸಾಮಾನ್ಯ. ವಾರಕ್ಕೆ ಸರಾಸರಿ 56 ಗಂಟೆ. ಬ್ರಿಟನ್ನಿನಲ್ಲಿ ಬಹುಕಾಲದಿಂದ ಎರಡು ಹಗಲು, ಎರಡು ರಾತ್ರಿ, ನಾಲ್ಕು ದಿನ ರಜೆ. ವಾರಕ್ಕೆ 42 ಗಂಟೆ. ಎರಡರಲ್ಲೂ ಕುಂದುಗಳಿವೆ, ಆದರೆ ಎರಡರಲ್ಲೂ ಬಿಡುವು ಎಂಬುದು ಕಾಗದದ ಮೇಲೆ ಲೆಕ್ಕಕ್ಕಿದೆ. ನಮ್ಮಲ್ಲಿ ಮೊದಲ ಅಡ್ಡಿ ಜನರ ಕೊರತೆ. ಕೇಂದ್ರ ಗೃಹ ಸಚಿವಾಲಯಕ್ಕಾಗಿ ಆರ್‌ಎಂಎಸ್‌ಐ ಸಂಸ್ಥೆ 2012ರಲ್ಲಿ ಸಿದ್ಧಪಡಿಸಿದ ವರದಿ, ಇರಬೇಕಾದ ಪ್ರಮಾಣಕ್ಕೆ ಹೋಲಿಸಿದರೆ ದೇಶದಲ್ಲಿ ಅಗ್ನಿಶಾಮಕ ಸಿಬ್ಬಂದಿಯ ಕೊರತೆ ಶೇ 96ರಷ್ಟಿದೆ ಎಂದಿತ್ತು. ಅಂದಿನಿಂದ ಠಾಣೆಗಳೂ ನೇಮಕಾತಿಗಳೂ ಹೆಚ್ಚಿವೆ. ಊರುಗಳೂ ಅಪಾರ್ಟ್‌ಮೆಂಟುಗಳೂ ಅದಕ್ಕಿಂತ ವೇಗವಾಗಿ ಹೆಚ್ಚಿವೆ.

ಕೆಲಸವೂ ಬರೀ ಬೆಂಕಿಯದಲ್ಲ. 101ಕ್ಕೋ 112ಕ್ಕೋ ಫೋನ್ ಮಾಡಿದರೆ ಬಾವಿಗೆ ಬಿದ್ದ ಹಸು ಎತ್ತುವುದಕ್ಕೂ ಅವರೇ ಬರುತ್ತಾರೆ, ಲಿಫ್ಟಿನಲ್ಲಿ ಸಿಕ್ಕವರನ್ನು ಬಿಡಿಸುವುದಕ್ಕೂ ಅವರೇ, ಕೆರೆಯಲ್ಲಿ ಮುಳುಗಿದವರನ್ನು ಹುಡುಕುವುದಕ್ಕೂ ಅವರೇ. 2019ರ ಮಾರ್ಚಿನಲ್ಲಿ ಧಾರವಾಡದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದಾಗ, ಅದೇ ವರ್ಷ ಮಲಪ್ರಭೆ, ಕೃಷ್ಣೆ ಉಕ್ಕಿದಾಗ, 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಮಗುವನ್ನು ಜೀವಂತ ಹೊರತೆಗೆಯುವಾಗ, ಅವರು ದಿನದ ಡ್ಯೂಟಿಯ ಗಡಿಯಾರ ನೋಡಿ ನಿಂತವರಲ್ಲ.

ಪರಿಹಾರಗಳಲ್ಲಿ ಕೆಲವಕ್ಕೆ ದುಡ್ಡು ಬೇಕು, ಅದರಲ್ಲಿ ಅನುಮಾನವಿಲ್ಲ. ಇನ್ನು ಕೆಲವಕ್ಕೆ ಬೇಕಾದದ್ದು ಗಮನ ಮಾತ್ರ. ಕರ್ಕಶವಾಗಿ ಒಮ್ಮೆಲೇ ಬಡಿಯುವ ಗಂಟೆಯ ಬದಲು ಮೆಲ್ಲಗೆ ಶುರುವಾಗಿ ಜೋರಾಗುವ ಗಂಟೆ ಇಟ್ಟಲ್ಲಿ ಹೃದಯ ಬಡಿತದ ಜಿಗಿತ ಕಡಿಮೆಯಾದುದನ್ನು ಅಮೆರಿಕದಲ್ಲಿ ಅಳೆದಿದ್ದಾರೆ. ಕರೆ ಮುಗಿಸಿ ಬಂದವರು ಕೂಡಲೇ ಮೈ ತೊಳೆಯಬೇಕು, ಮಸಿ ಹತ್ತಿದ ಉಡುಪು ಮಲಗುವ ಕೊಠಡಿಯಿಂದ ದೂರ ಇರಬೇಕು. ಒಂದರ್ಧ ಗಂಟೆ ನೆರಳಿನಲ್ಲಿ ಕೂತು ನೀರು ಕುಡಿದು, ಬಿ.ಪಿ. ನೋಡಿಸಿಕೊಂಡೇ ಮುಂದಿನ ಕೆಲಸಕ್ಕೆ ಏಳಬೇಕು. ರಾತ್ರಿಯೆಲ್ಲ ಓಡಾಡಿದವರಿಗೆ ಮರುದಿನ ಬೆಳಿಗ್ಗೆ ಪರೇಡು, ಕಚೇರಿ ಕೆಲಸ ಹಚ್ಚುವುದು ಶಿಸ್ತಲ್ಲ, ನಷ್ಟ. ಯೋಗ ಶಿಬಿರ ಒಳ್ಳೆಯದೇ. ಆದರೆ ಅದನ್ನು ಅವರ ನಿದ್ದೆಯ ಹೊತ್ತಿನಲ್ಲಿ ಇಟ್ಟರೆ ಅದೂ ಇನ್ನೊಂದು ಡ್ಯೂಟಿಯಾಗುತ್ತದೆ.

ಮಾತಿನ ವಿಷಯದಲ್ಲಿ ಒಂದು ನಾಜೂಕು ಇದೆ. ದುರಂತ ಮುಗಿದ ಕೂಡಲೇ ಎಲ್ಲರನ್ನೂ ಕೂರಿಸಿ ಕಡ್ಡಾಯವಾಗಿ ಅನುಭವ ಹೇಳಿಸುವ ಒಂದೇ ಬಾರಿಯ ಸಭೆಗಳಿಂದ ಮಾನಸಿಕ ಆಘಾತ ತಪ್ಪುವುದಿಲ್ಲ ಎಂದು ಹಲವು ಅಧ್ಯಯನಗಳ ಪರಿಶೀಲನೆ ತಿಳಿಸಿದೆ. ಅದೇ ಹೈನ್‌ರಿಕ್ಸ್ 2003ರಲ್ಲಿ ಮಾಡಿದ ಪ್ರಯೋಗದಲ್ಲಿ, ಒತ್ತಡದ ಪರೀಕ್ಷೆಗೆ ಮುನ್ನ ಆಪ್ತ ಗೆಳೆಯನೊಬ್ಬ ಜೊತೆಗಿದ್ದವರ ಕಾರ್ಟಿಸೋಲ್ ಕಡಿಮೆ ಏರಿತು. ಠಾಣೆಯಲ್ಲಿ ಒಟ್ಟಿಗೆ ಅಡುಗೆ ಮಾಡಿ ಒಟ್ಟಿಗೆ ಉಣ್ಣುವ ತಂಡಗಳು ಕೆಲಸದಲ್ಲೂ ಮೇಲು ಎಂದು ಕಾರ್ನೆಲ್ ವಿಶ್ವವಿದ್ಯಾಲಯದ ಕೆವಿನ್ ನಿಫಿನ್ ತಂಡ 2015ರಲ್ಲಿ ಬರೆಯಿತು. ಸಾರು ಕುದಿಯುವಾಗ ಈರುಳ್ಳಿ ಹೆಚ್ಚುತ್ತಾ ಹಿರಿಯನೊಬ್ಬ ‘ನಂಗೂ ಮೊದಲ ಸಲ ಮೂರು ದಿನ ನಿದ್ದೆ ಬರ್ಲಿಲ್ಲ ಕಣೋ’ ಎಂದು ಹೇಳಿದರೆ, ಕೇಳಿಸಿಕೊಂಡ ಹುಡುಗನಿಗೆ ಅದು ಉಪನ್ಯಾಸಕ್ಕಿಂತ ಹೆಚ್ಚಿನದು. ಅಷ್ಟರಿಂದ ಸುಧಾರಿಸದವರಿಗೆ ನಿಮ್ಹಾನ್ಸ್ ಸಮನ್ವಯದ ಟೆಲಿ ಮಾನಸ್ ಇದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ‘ಫೋರ್ಟ್ ಸ್ಟಿಕೈನ್’ ಹಡಗು ಸ್ಫೋಟಿಸಿ ಸತ್ತ ಅಗ್ನಿಶಾಮಕರ ನೆನಪಿಗೆ ಪ್ರತಿವರ್ಷ ಆ ದಿನದಿಂದ ಒಂದು ವಾರ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಶಾಲೆಗಳಲ್ಲಿ, ಆಸ್ಪತ್ರೆಗಳಲ್ಲಿ ಅಣಕು ಪ್ರದರ್ಶನ ಮಾಡಿ ನಮಗೆಲ್ಲ ಜಾಗ್ರತೆ ಕಲಿಸುವ ಅವರಿಗಾಗಿ ಆ ವಾರದ ಒಂದು ದಿನ ಮೀಸಲಿಡಬಹುದು. ಬಿ.ಪಿ., ಸಕ್ಕರೆ, ಥೈರಾಯ್ಡ್, ಇಸಿಜಿ, ನಿದ್ದೆಯ ಬಗ್ಗೆ ನಾಲ್ಕು ಪ್ರಶ್ನೆ. ಜಿಲ್ಲಾ ಆಸ್ಪತ್ರೆಯ ಮಟ್ಟದಲ್ಲೇ ಆಗುವ ಕೆಲಸ ಇದು. ಇನ್ನೊಂದಕ್ಕೆ ಆ ಖರ್ಚೂ ಇಲ್ಲ. ಕರೆ ಬಂದ ಹೊತ್ತು, ಹೊರಟ ಹೊತ್ತು, ಮರಳಿದ ಹೊತ್ತನ್ನು ಠಾಣೆಗಳಲ್ಲಿ ಹೇಗೂ ಬರೆದಿಡುತ್ತಾರೆ. ಪಕ್ಕದಲ್ಲೇ ಇನ್ನೊಂದು ಕಾಲಂ ಎಳೆದು, ಆ ರಾತ್ರಿ ಯಾರು ಎಷ್ಟು ಗಂಟೆ ಮಲಗಿದರು ಎಂಬುದನ್ನೂ ಬರೆದರೆ, ಮರುದಿನ ಸ್ಟಿಯರಿಂಗ್ ಹಿಡಿಯಬೇಕಾದವರು ಯಾರು, ಹಿಡಿಯಬಾರದವರು ಯಾರು ಎಂಬುದನ್ನು ಠಾಣಾಧಿಕಾರಿ ಅದನ್ನು ನೋಡಿಯೇ ತೀರ್ಮಾನಿಸಬಹುದು.